ಉಪ್ಪುನೀರಿನ ತೊಟ್ಟಿಯ ಮೂಲ ನಿವಾಸಿಗಳು

ಶೆಟ್ಟಿಹಳ್ಳಿಯ ನಮ್ಮ ಅಪಾರ್ಟ್‌ಮೆಂಟಿನ ಲಾಬಿಯಲ್ಲಿ ಸ್ಥಾಪಿಸಲಾದ ಉಪ್ಪುನೀರಿನ ಅಕ್ವೇರಿಯಂ, ಭಾನುವಾರ ಬೆಳಿಗ್ಗೆ ಶುಭಮುಹೂರ್ತದಲ್ಲಿ, ಮೀನುಗಳಿಲ್ಲದೆ ಉದ್ಘಾಟನೆಗೊಂಡಿತು.

ಮೀನುಗಳಿರಬೇಕೆಂದು ಸಂಘದ ಅಧ್ಯಕ್ಷರಾದ ಚಿಕ್ಕಬೈರಪ್ಪನವರಿಗೆ ಬಹಳ ಆಸೆಯಿತ್ತು. ಕಟ್ಟಡ ನಿಂತಿರುವುದೇ ಅವರ ರಾಗಿ ಹೊಲದಲ್ಲಿ. ಅಲ್ಲಿಗೆ ಸಮುದ್ರ ತರಿಸಿದ ಕೀರ್ತಿಯೂ ಅವರಿಗೇ ಬೇಕಿತ್ತು. ಆದರೆ ತೊಟ್ಟಿ ಕೂರಿಸಿದ ನಜೀರ್ ಒಪ್ಪಲಿಲ್ಲ.

“ಈಗ್ಲೇ ಬಿಟ್ರೆ ಸತ್ತೋಗ್ತವೆ ಸಾರ್. ಮೀನಿನ ಹೊಲಸು ವಿಷ ಆಗುತ್ತೆ. ಅದನ್ನ ಅರಗಿಸೋ ಬ್ಯಾಕ್ಟೀರಿಯಾ ಮೊದ್ಲು ನೀರಲ್ಲಿ ಬೆಳೀಬೇಕು. ಒಂದು ತಿಂಗಳಾದ್ರೂ ಬೇಕು.”

“ಇಂಗಂದ್ರೆ ಎಂಗಪ್ಪಾ? ಎಲ್ರನ್ನೂ ಕರ್ದಾಗೈತೆ. ಖಾಲಿ ನೀರಿಗೆ ಟೇಪ್ ಕತ್ತರಿಸ್ಲಾ?”

“ಖಾಲಿ ಅಲ್ಲ ಸಾರ್, ಕಣ್ಣಿಗೆ ಕಾಣಲ್ಲ ಅಷ್ಟೇ. ಲಕ್ಷಾಂತರ ಇರ್ತವೆ.”

ಲಕ್ಷಾಂತರ ಎಂಬ ಮಾತು ಅಧ್ಯಕ್ಷರಿಗೆ ಹಿಡಿಸಿತು. ಬ್ಯಾಕ್ಟೀರಿಯಾಗಳನ್ನೇ ನೂತನ ನಿವಾಸಿಗಳೆಂದು ಸ್ವಾಗತಿಸಿ ಭಾಷಣ ಮಾಡಿದರು. ಜನ ಗಾಜಿಗೆ ಮೂಗೊತ್ತಿ ನೋಡಿ, “ತುಂಬಾ ಮುದ್ದಾಗಿವೆ” ಎಂದು ಕೇಸರಿಬಾತ್ ತಿಂದರು.

ನೀರು ಹದಕ್ಕೆ ಬಂದಾಗ ನಜೀರ್ ಎರಡು ಕಿತ್ತಳೆ ಬಣ್ಣದ ಮೀನುಗಳನ್ನು ಚೀಲದಲ್ಲಿ ತಂದ. ಸಂಘದ ಕಾರ್ಯದರ್ಶಿ ಸಂಯುಕ್ತಾ ಬಾಗಿಲಲ್ಲೇ ತಡೆದರು.

“ಹೊಸಬರು ಬರೋಕೆ ಇರೋ ನಿವಾಸಿಗಳ ಒಪ್ಪಿಗೆ ಬೇಕು. ಬೈಲಾದಲ್ಲಿದೆ.”

“ಮೇಡಂ, ಅಲ್ಲಿರೋದು ಬ್ಯಾಕ್ಟೀರಿಯಾ!”

“ಅವ್ರು ನಿವಾಸಿಗಳು ಅಂತ ಅಧ್ಯಕ್ಷರೇ ಹೇಳಿದ್ದಾರಲ್ಲ?”

ನಜೀರ್ ಚೀಲವನ್ನು ನೋಡಿದ. ಮೀನುಗಳು ಬಾಯಿ ತೆರೆದು ಮುಚ್ಚುತ್ತಿದ್ದವು. ಮೆಲ್ಲಗೆ ಕೇಳಿದ:

“ವಿಸಿಟರ್ಸ್‌ಗೆ ಒಪ್ಪಿಗೆ ಬೇಕಾ ಮೇಡಂ?”

ಬೇಕಿರಲಿಲ್ಲ. ಚೀಲವನ್ನು ಸಂದರ್ಶಕರ ಲೆಕ್ಕದಲ್ಲಿ ತೊಟ್ಟಿಯೊಳಗೆ ತೇಲಿಬಿಡಲಾಯಿತು. ಆಕ್ಷೇಪಣೆ ಇದ್ದವರು ಅರ್ಧ ಗಂಟೆಯೊಳಗೆ ಲಿಖಿತವಾಗಿ ಸಲ್ಲಿಸತಕ್ಕದ್ದೆಂಬ ಪ್ರಕಟಣೆಯನ್ನು, ನಿವಾಸಿಗಳು ಓದಲು ಅನುಕೂಲವಾಗುವಂತೆ, ಗಾಜಿನ ಮೇಲೆ ಅಕ್ಷರ ಒಳಮುಖವಾಗಿ ಅಂಟಿಸಲಾಯಿತು. ಆಕ್ಷೇಪಣೆ ಒಂದೂ ಬರಲಿಲ್ಲ. ಮೀನುಗಳು ಸರ್ವಾನುಮತದಿಂದ ನೀರಿಗಿಳಿದು, ಬಾಲ ಬಡಿಯುತ್ತ ಓಡಾಡಿದವು. ನಜೀರ್ ಕಣ್ಣೊರೆಸಿಕೊಂಡ.

“ನೋಡ್ರೀ, ಒಂದ್ ಜಗಳ ಇಲ್ಲ, ಪಾರ್ಕಿಂಗ್ ತಕರಾರಿಲ್ಲ,” ಎಂದರು ಚಿಕ್ಕಬೈರಪ್ಪ. “ಮನ್ಸರ್ಗೂ ಇದೇ ರೂಲ್ಸ್ ಮಾಡಿ.”

ಮಾಡಲಾಯಿತು. ಮುಂದಿನ ವಾರ ಬಾಗಲಗುಂಟೆಯಿಂದ ರವಿಕಿರಣ ಎಂಬ ಹೊಸ ಬಾಡಿಗೆದಾರ ಹೆಂಡತಿ ನಾಗಲಕ್ಷ್ಮಿಯೊಡನೆ ಸಾಮಾನಿನ ಲಾರಿ ತಂದಾಗ, ಸೆಕ್ಯುರಿಟಿ ಮುನಿಯಣ್ಣ ಗೇಟು ತೆರೆಯಲಿಲ್ಲ.

“ನಿಮ್ ಫ್ಲಾಟ್ ಇನ್ನೂ ಹದಕ್ಕೆ ಬಂದಿಲ್ಲ ಸಾರ್. ಒಳಗೆ ಬ್ಯಾಕ್ಟೀರಿಯಾ ಬೆಳೀತಾ ಐತೆ. ಒಂದ್ ತಿಂಗ್ಳು ಬಿಟ್ಟು ಬನ್ನಿ.”

ಇಷ್ಟು ಶಿಸ್ತಿನ ಸಂಘ ಸಿಕ್ಕಿದ್ದೇ ಪುಣ್ಯವೆಂದು ರವಿಕಿರಣ ಲಾರಿ ತಿರುಗಿಸಲು ಹೇಳಿದ. ನಾಗಲಕ್ಷ್ಮಿಗೆ ಮಾತ್ರ ಒಂದು ಅನುಮಾನ ಉಳಿದಿತ್ತು.

“ಒಳಗಿರೋರು ವೆಜಿಟೇರಿಯನ್ನೇ ತಾನೆ?”

“ವಿಚಾರಿಸಿ ಹೇಳ್ತೀನಿ ಮೇಡಂ,” ಎಂದ ಮುನಿಯಣ್ಣ.