ಕೃಷ್ಣೆಗೆ ಹನ್ನೆರಡು ಮಾತ್ರೆ ಮೌನ

ಸಂಗೀತ ಕಲಿತವರಿಗೆ ಸಿಟ್ಟು ಬರುವುದಿಲ್ಲ ಎಂದು ಯಾರು ಹೇಳಿದರೋ, ಅವರು ಸಂಗೀತ ಕಲಿತಿರಲಿಕ್ಕಿಲ್ಲ. ಕಲಿತಿದ್ದರೂ ತಬಲಾದವರ ಜೊತೆ ನುಡಿಸಿರಲಿಕ್ಕಿಲ್ಲ. ನಾನು ನಾರಾಯಣಪೇಟೆಯಲ್ಲಿ ಇಪ್ಪತ್ತೆರಡು ವರ್ಷದಿಂದ ಮಕ್ಕಳಿಗೆ ಪಿಟೀಲು ಹೇಳಿಕೊಡುತ್ತಿದ್ದೇನೆ. ಅಪಸ್ವರ ಕೇಳಿ ಕೇಳಿ ನನ್ನ ಸಿಟ್ಟು ಮೂಗಿನ ತುದಿಯಿಂದ ಕಮಾನಿನ ತುದಿಗೆ ಇಳಿದಿದೆ. ನಾನು ಶ್ರುತಿ ಮಾಡುವಾಗ ನಮ್ಮ ಯಜಮಾನರು ಚಹಾ ಕೇಳಬೇಕಾದರೂ ಬಾಗಿಲ ಆಚೆಯಿಂದಲೇ ಕೇಳುತ್ತಾರೆ.

ಹೋದ ವರ್ಷ ರಾಯಚೂರಿನಲ್ಲಿ ಜಪಾನಿನ ಪ್ರವಾಸ ಕವಿತೆಗಳ ಕನ್ನಡ ಪುಸ್ತಕವೊಂದು ಸಿಕ್ಕಿತು. ಆ ಕವಿಗಳು ಊರಿಂದೂರಿಗೆ ನಡೆಯುತ್ತಾರೆ, ಕಂಡದ್ದನ್ನು ಮೂರು ಸಾಲು ಬರೆಯುತ್ತಾರೆ, ಸುಮ್ಮನಾಗುತ್ತಾರೆ. ಆ ಸುಮ್ಮನಾಗುವುದೇ ನನ್ನ ತಲೆ ಕೆಡಿಸಿತು. ನಮ್ಮ ಕಡೆ ಮೂರು ಸಾಲಿಗೆ ನಿಲ್ಲಿಸಿದವರನ್ನು ನಾನು ಕಂಡಿಲ್ಲ. ಇಷ್ಟು ವರ್ಷ ಬೇರೆಯವರ ಕೃತಿಗಳನ್ನೇ ನುಡಿಸಿದವಳು ಮೊದಲ ಬಾರಿ ನನ್ನದೇ ಒಂದು ರಚನೆ ಮಾಡಿದೆ. ಮೈಕಿಲ್ಲದೆ ಸಣ್ಣ ಕೋಣೆಯಲ್ಲಿ ಮೂವರೇ ಹತ್ತಿರ ಕೂತು ನುಡಿಸುವಂಥದ್ದು: ನನ್ನ ಪಿಟೀಲು, ಮದುವೆ ಬ್ಯಾಂಡಿನಲ್ಲಿ ನುಡಿಸುವ ಗದ್ವಾಲದ ಮೌಲಾಸಾಬರ ಕ್ಲಾರಿಯೊನೆಟ್, ಮಕ್ತಲ್‌ನಲ್ಲಿ ಹೊಲಿಗೆ ಯಂತ್ರ ರಿಪೇರಿ ಮಾಡುವ ವೀರಣ್ಣನವರ ತಬಲಾ. ಜಪಾನಿನವರಂತೆ ನಡೆಯಲು ನನ್ನ ಮೊಣಕಾಲು ಒಪ್ಪದ ಕಾರಣ, ನಾರಾಯಣಪೇಟೆಯಿಂದ ಗದ್ವಾಲದವರೆಗಿನ ಬಸ್ ಪ್ರಯಾಣವೇ ವಸ್ತು. ಬಸ್ಸು ಕೃಷ್ಣಾ ಹೊಳೆ ದಾಟುವ ಜಾಗಕ್ಕೆ ಹನ್ನೆರಡು ಮಾತ್ರೆ, ಅಂದರೆ ತಾಳದ ಹನ್ನೆರಡು ಎಣಿಕೆ, ಪೂರ್ತಿ ಮೌನ ಇಟ್ಟೆ.

ವೀರಣ್ಣನವರಿಗೆ ಅದು ಖಾಲಿ ಸೈಟಿನಂತೆ ಕಂಡಿತು. ಪ್ರತಿ ಭಾನುವಾರ ನಮ್ಮ ಮನೆಗೆ ಬಂದು ಅಲ್ಲಿ ಏನಾದರೊಂದು ಕಟ್ಟಿಬಿಡುತ್ತಿದ್ದರು. ಒಂದು ವಾರ ಒಂದೇ ಪೆಟ್ಟುಗಳನ್ನು ಮೂರು ಸಲ ಬಾರಿಸುವ ತಿಹಾಯಿ, ಇನ್ನೊಂದು ವಾರ ಭಜನೆಯ ಠೇಕಾ. ನಾನು ಬೈದರೆ ಅವರ ಉತ್ತರ ಒಂದೇ:

"ಖಾಲಿ ಬಿಟ್ರ ತಬಲಾ ಹರದೈತಿ ಅಂತಾರ್ರಿ ಮಂದಿ, ಅಕ್ಕೋರೆ."

ಐದನೆಯ ಭಾನುವಾರ ನಾನು ಕಮಾನು ಕೆಳಗಿಟ್ಟು, "ನಿಮಗ ಮದುವಿ ಮೆರವಣಿಗೀನ ಲಾಯಕ್ಕು!" ಎಂದು ಕಿರುಚಿದೆ. ಮೆರವಣಿಗೆಯ ಮೌಲಾಸಾಬರು ಪಕ್ಕದಲ್ಲೇ ಕೂತಿದ್ದಾರೆಂಬುದು ಆಮೇಲೆ ನೆನಪಾಯಿತು. ಅವರು ತಲೆ ತಗ್ಗಿಸಿ ಕ್ಲಾರಿಯೊನೆಟ್ ಒರೆಸತೊಡಗಿದರು. ವೀರಣ್ಣನವರು ತಬಲಾ ಗಂಟು ಕಟ್ಟಿಕೊಂಡು, ಒಂದು ಮಾತಾಡದೆ ಹೊರಟುಹೋದರು. ಆ ಮನುಷ್ಯ ಸುಮ್ಮನಿದ್ದುದನ್ನು ನಾನು ಕಂಡದ್ದು ಅದೇ ಮೊದಲು.

ಅಷ್ಟರಲ್ಲಿ ಗದ್ವಾಲದ ಶಾಲೆಯೊಂದರ ಹಾಲಿನಲ್ಲಿ ಕಾರ್ಯಕ್ರಮ ನಿಗದಿಯಾಗಿತ್ತು. ವ್ಯವಸ್ಥಾಪಕರು ಫೋನ್ ಮಾಡಿ, "ಮೇಡಂ, ಜಪಾನ್ ಡ್ರೆಸ್ ಹಾಕ್ಕೊಂಡು ಬರ್ರಿ, ಮಂದಿ ಜಾಸ್ತಿ ಬರ್ತಾರ" ಎಂದರು. ಅವರಿಗೆ ಬೈದ ಬಿಸಿಯಲ್ಲೇ ಮಕ್ತಲ್ ಬಸ್ ಹತ್ತಿದೆ. ವೀರಣ್ಣನವರು ಅಂಗಡಿಯಲ್ಲಿ ಯಂತ್ರವೊಂದನ್ನು ಬಿಚ್ಚಿ ಕೂತಿದ್ದರು. ತಲೆ ಎತ್ತಲಿಲ್ಲ. ಕ್ಷಮೆ ಕೇಳುವ ಅಭ್ಯಾಸ ನನಗಿಲ್ಲ. ಮೂರು ಸಲ ಗಂಟಲು ಸರಿ ಮಾಡಿಕೊಂಡು, "ಆವತ್ತು ನಾ ಅಂದದ್ದು ತಪ್ಪಾತ್ರಿ" ಎಂದೆ.

"ಇರ್ಲಿ. ಆ ಖಾಲಿ ಜಾಗದಾಗ ಮಂದಿ ಏನು ಕೇಳಬೇಕು, ಅದನ್ನರ ಹೇಳ್ರಿ."

"ಬಸ್ಸು ಹೊಳಿ ಮ್ಯಾಲ ಬಂದಾಗ ಎಲ್ಲಾರೂ ಮಾತು ನಿಲ್ಲಿಸಿ ನೀರಿಗಿ ಕೈ ಮುಗೀತಾರಲ್ರಿ, ಅದು."

ಅವರು ಸ್ಕ್ರೂಡ್ರೈವರ್ ಕೆಳಗಿಟ್ಟರು. "ಇಷ್ಟು ಹೇಳಾಕ ಐದು ಐತವಾರ ಬೈದ್ರೇನ್ರಿ?"

ಕಾರ್ಯಕ್ರಮದ ದಿನ ಹೊಳೆಯವರೆಗೆ ಎಲ್ಲ ಸುಸೂತ್ರ ನಡೆಯಿತು. ಮೌನ ಶುರುವಾಯಿತು. ನಾಲ್ಕನೆಯ ಮಾತ್ರೆಗೆ, ಮುಗಿಯಿತೆಂದುಕೊಂಡು ಯಾರೋ ಚಪ್ಪಾಳೆ ತಟ್ಟಿದರು, ಕೂಡಲೇ ಇಡೀ ಸಭೆ ತಟ್ಟಿತು. ವ್ಯವಸ್ಥಾಪಕರು ಶಾಲು ಹಿಡಿದು ವೇದಿಕೆ ಹತ್ತಿದರು. ಇಪ್ಪತ್ತೆರಡು ವರ್ಷದ ಮೇಲೆ ಮಾಡಿದ ನನ್ನ ಮೊದಲ ರಚನೆ! ಕೂತಲ್ಲಿಂದಲೇ ಕಿರುಚಿದೆ:

"ಇನ್ನಾ ಮುಗಿದಿಲ್ರಿ! ಕುಂದರ್ರಿ ಕೆಳಗ!"

ವ್ಯವಸ್ಥಾಪಕರು ನಿಂತಲ್ಲೇ, ಶಾಲನ್ನು ತೊಡೆಯ ಮೇಲಿಟ್ಟುಕೊಂಡು ಕುಂತುಬಿಟ್ಟರು. ವೀರಣ್ಣನವರು ಮಾತ್ರ ಕಣ್ಣು ಮುಚ್ಚಿ, ಕೈ ಮುಗಿದು ಕೂತಿದ್ದವರು, ಹನ್ನೆರಡು ಮುಗಿದೊಡನೆ ಸಮಕ್ಕೆ, ಮುಂದಿನ ಸುತ್ತಿನ ಮೊದಲ ಪೆಟ್ಟಿಗೆ, ಸರಿಯಾಗಿ ಬಾರಿಸಿದರು. ನನ್ನ ಪಿಟೀಲೇ ತಾಳಕ್ಕೆ ಹಿಂದೆ ಬಿತ್ತು.

ಆಮೇಲೆ ಬಸ್‌ಸ್ಟ್ಯಾಂಡಿನಲ್ಲಿ ಚಹಾ ಕುಡಿಯುತ್ತ ನಾನು ಗದ್ವಾಲದ ಜನಕ್ಕೆ ಬೈಯುತ್ತಲೇ ಇದ್ದೆ. ಮೌಲಾಸಾಬರು ಮೆಲ್ಲಗೆ ಅಂದರು: "ಮಂದೀಗಿ ಬೈಬ್ಯಾಡ್ರಿ ಅಕ್ಕೋರೆ. ಅವರು ಖುಷಿಲೆ ಚಪ್ಪಾಳಿ ಹೊಡದ್ರು. ಏಳನೇ ಮಾತ್ರಿಗಿ ಒದರಿ ಹೊಳ್ಯಾಗ ಬಿದ್ದವರು ನೀವ."

"ಏಳಲ್ರಿ, ಎಂಟು," ಎಂದರು ವೀರಣ್ಣನವರು. "ನಾ ಎಣಸಾಕತ್ತಿದ್ದೆ."

ನನಗೆ ಸಿಟ್ಟು ನೆತ್ತಿಗೇರಿತು. ಬೈಯಲು ಬಾಯಿ ತೆರೆದು, ಮನಸ್ಸಿನಲ್ಲೇ ಎಣಿಸಿ ನೋಡಿದೆ. ಎಂಟೇ.