ಗಂಗವ್ವ ಎಲ್ಲಿದ್ದಾಳೆ?

ನಮ್ಮ ವೈನಿ, ಅಂದರೆ ಅಣ್ಣನ ಹೆಂಡತಿ, ಈ ಜನ್ಮದಲ್ಲಿ ಸಮುದ್ರ ನೋಡಿಲ್ಲ. ಆದರೆ ಅವಳ ಮುಂದೆ ಸಮುದ್ರದ ಮಾತು ತೆಗೆದು ನೋಡಿ, ತವರುಮನೆಯ ಸುದ್ದಿ ತೆಗೆದಂತೆ, ಮುಗಿಯುವ ಲಕ್ಷಣವೇ ಇರುವುದಿಲ್ಲ! ಅವಳ ಖರೇ ತವರು ಸಗರ ಅನ್ನುವ ಊರು. ಹತ್ತಿ, ತೊಗರಿ, ನಡುವೆ ಒಂದು ಕಾಲುವೆ. ಅಲ್ಲಿ ಬೆಳೆದವಳಿಗೆ ಸಮುದ್ರದ ಹುಚ್ಚು ಎಲ್ಲಿಂದ ಹಿಡಿಯಿತು? ಅಣ್ಣನನ್ನು ಕೇಳಿದರೆ, ಮದುವೆಗೆ ಮುಂಚೆ ಈ ವಿಷಯ ಯಾರೂ ತನಗೆ ಹೇಳಲಿಲ್ಲ ಅನ್ನುತ್ತಾನೆ.

ವೈನಿ ಕೊಂಕಲ್ ಕಡೆಯ ಒಂದು ಹೈಸ್ಕೂಲಿನಲ್ಲಿ ವಿಜ್ಞಾನದ ಟೀಚರು. ಒಂದು ದಿನ ಅವಳ ಫೋನಿನಲ್ಲಿ ಒಂದು ಕಡಲಾಮೆ ಸಿಕ್ಕಿತು. ಯಾರೋ ವಿಜ್ಞಾನಿಗಳು ಅದರ ಚಿಪ್ಪಿನ ಮೇಲೆ ಸಣ್ಣ ಯಂತ್ರ ಅಂಟಿಸಿ ನೀರಿಗೆ ಬಿಟ್ಟಿದ್ದರು. ಆಮೆ ಉಸಿರಾಡಲು ಮೇಲೆ ಬಂದಾಗಲೆಲ್ಲ ಯಂತ್ರ ಉಪಗ್ರಹಕ್ಕೆ ಸುದ್ದಿ ಕಳಿಸುತ್ತಿತ್ತು. ಅದು ಎಲ್ಲಿದೆ ಎನ್ನುವುದು ನಕ್ಷೆಯ ಮೇಲೆ ಎಲ್ಲರಿಗೂ ಕಾಣುತ್ತಿತ್ತು. ಒಂಬತ್ತನೇ ಕ್ಲಾಸಿನ ಮಕ್ಕಳು ಅದಕ್ಕೆ ಗಂಗವ್ವ ಅಂತ ಹೆಸರಿಟ್ಟರು. ಅಲ್ಲಿಂದ ಇಡೀ ವಿಜ್ಞಾನ ಗಂಗವ್ವನ ಬೆನ್ನೇರಿತು. ಅವಳು ಮೇಲೆ ಬಂದರೆ ಶ್ವಾಸಕೋಶದ ಪಾಠ, ಕೆಳಗೆ ಹೋದರೆ ಒತ್ತಡದ ಪಾಠ, ದಿಕ್ಕು ಬದಲಿಸಿದರೆ ಅಕ್ಷಾಂಶ ರೇಖಾಂಶ. ಶಾಲೆಯ ಗೋಡೆಗೆ ಮಕ್ಕಳು ಸಮುದ್ರದ ನಕ್ಷೆ ಬರೆದು ದಿನಾ ಒಂದು ಕೆಂಪು ಚುಕ್ಕಿ ಇಡತೊಡಗಿದರು.

ಮನೆಯಲ್ಲಿ ನಮ್ಮ ಗತಿ? ಗಂಗವ್ವ ನೀರೊಳಗಿದ್ದಷ್ಟು ಹೊತ್ತೂ ವೈನಿ ಪಡಸಾಲೆಯಿಂದ ಹಿತ್ತಲಿಗೆ, ಹಿತ್ತಲಿಂದ ಪಡಸಾಲೆಗೆ ಓಡಾಡುತ್ತಿದ್ದಳು. ಹಂಚಿನ ಮೇಲಿನ ರೊಟ್ಟಿ ಎಷ್ಟು ಕರಕಲಾಗಿದೆ ಅಂತ ನೋಡಿ ಗಂಗವ್ವ ಎಷ್ಟು ಹೊತ್ತಿನಿಂದ ಮುಳುಗಿದ್ದಾಳೆ ಅಂತ ನಾವು ಲೆಕ್ಕ ಹಾಕುತ್ತಿದ್ದೆವು. ಆಮೆ ನಿಧಾನದ ಪ್ರಾಣಿ ಅಂತ ಕೇಳಿದ್ದೆ, ಅದರ ಕಡೆಯವರು ಹೀಗೆ ಓಡಾಡುತ್ತಾರೆ ಅಂತ ಗೊತ್ತಿರಲಿಲ್ಲ ಅಂತ ಅಣ್ಣ ಗೊಣಗುತ್ತಿದ್ದ.

ಇದೇ ಸಮಯಕ್ಕೆ ಸುರಪುರದಿಂದ ನನ್ನನ್ನು ನೋಡಲು ಗಂಡಿನ ಕಡೆಯವರು ಬಂದರು. ನಾನು ಉಪ್ಪಿಟ್ಟಿನ ತಾಟು ಕೊಟ್ಟು ನಿಂತಿದ್ದೇನೆ, ವೈನಿ ನಾಲ್ಕು ಸಲ ಎದ್ದು ಹೊರಗೆ ಹೋಗಿ ಬಂದಿದ್ದಾಳೆ. ಏನಾಯಿತು ಅಂತ ಹುಡುಗನ ತಾಯಿ ಕೇಳಿದರು.

"ನಮ್ಮ ಗಂಗವ್ವ ಎರಡು ದಿನದಿಂದ ಪತ್ತಾ ಇಲ್ರಿ," ಅಂದಳು ವೈನಿ.

ಅವರು ತಾಟು ಕೆಳಗಿಟ್ಟರು. ಈ ಮನೆಯ ಮಗಳೇ ಅಂತ ಕೇಳಿದರು.

"ನಮ್ಮಕಿನ ಅನ್ರಿ. ಸಾಲಿ ಹುಡುಗ್ರೆಲ್ಲ ಅಕಿ ಹಿಂದನ ಬಿದ್ದಾರ."

ಹುಡುಗನ ತಂದೆ ಚಪ್ಪಲಿ ಎಲ್ಲಿ ಬಿಟ್ಟಿದ್ದೆ ಅಂತ ಬಾಗಿಲ ಕಡೆ ನೋಡತೊಡಗಿದರು. ವಯಸ್ಸೆಷ್ಟು ಅಂತ ತಾಯಿ ಮೆಲ್ಲಗೆ ವಿಚಾರಿಸಿದರು.

"ಅದು ಪಕ್ಕಾ ಗೊತ್ತಿಲ್ರಿ. ಖರೇ, ಒಮ್ಮಿಗೆ ನೂರು ತತ್ತಿ ಇಡ್ತಾಳ."

ಮೊದಲು ನಕ್ಕವನು ಹುಡುಗ. ಅವನ ನೌಕರಿ, ಹೊಲ, ಜಾತಕ ಎಲ್ಲ ಆಮೇಲೆ. ನಾನು ಒಪ್ಪಿದ್ದು ಆ ನಗೆಗೆ!

ಮದುವೆ ಗೊತ್ತಾಯಿತು. ಮನೆಯಲ್ಲಿ ಖಾಲಿ ಕೂತ ನನ್ನನ್ನು ವೈನಿ ಕೈಗೊಬ್ಬರು ಬೇಕು ಅಂತ ಶಾಲೆಗೆ ಎಳೆದುಕೊಂಡು ಹೋಗತೊಡಗಿದಳು. ಬೆನ್ನು ಹತ್ತುವ ಕೆಲಸ ಮಕ್ಕಳೇ ಮಾಡಿ ಕಲಿಯಬೇಕು ಅನ್ನುವುದು ಅವಳ ಹೊಸ ಹಟ. ಸಮುದ್ರ ಇಲ್ಲ, ಕುರಿಗಳಿಗೇನು ಬರ? ಊರ ಕುರಿಗಾರ ಅಜ್ಜನನ್ನು ಒಪ್ಪಿಸಿ, ಅವನ ಟಗರಿನ ಕೊರಳಿಗೆ ಅಣ್ಣನ ಹಳೆಯ ಮೊಬೈಲು ಕಟ್ಟಿದಳು. ಮಕ್ಕಳು ಶಾಲೆಯಲ್ಲಿ ಕೂತು ವೈನಿಯ ಫೋನಿನ ನಕ್ಷೆಯಲ್ಲಿ ಟಗರಿನ ದಾರಿ ನೋಡಿ ಬರೆದುಕೊಂಡರು. ಮಧ್ಯಾಹ್ನ ಮೂರು ತಾಸು ಟಗರು ಅಲ್ಲಾಡಲೇ ಇಲ್ಲ. ಜಡ್ಡಾಗಿದೆ ಅಂತ ಅರ್ಧ ಮಕ್ಕಳು, ಮೇವು ಚಲೋ ಇದೆ ಅಂತ ಇನ್ನರ್ಧ. ಹೋಗಿ ನೋಡಿದರೆ ಟಗರು ದೂರದ ಬದುವಿನಲ್ಲಿ ಆರಾಮಾಗಿ ಮೇಯುತ್ತಿದೆ, ಅಜ್ಜ ಬೇವಿನ ಗಿಡದ ಕೆಳಗೆ ಅದೇ ಮೊಬೈಲಿನಲ್ಲಿ ಕುಸ್ತಿ ನೋಡುತ್ತಿದ್ದಾನೆ.

"ಟಗರಿಗೇನು ಇದು ನೋಡಾಕ ಬರ್ತದೇನ್ರೀ?" ಅಂದ.

ವೈನಿಗೆ ಸಿಟ್ಟು ಬರಲಿಲ್ಲ. ಯಂತ್ರ ಎಲ್ಲಿದೆ ಅನ್ನುವುದಷ್ಟೇ ನಮಗೆ ಗೊತ್ತಾಗುವುದು, ಪ್ರಾಣಿ ಎಲ್ಲಿದೆ ಅನ್ನುವುದಲ್ಲ ಅಂತ ಮಕ್ಕಳ ಕೈಲಿ ಬರೆಸಿದಳು. ಅಜ್ಜ ಮೊಬೈಲು ವಾಪಸು ಕೊಡಲು ಮಾತ್ರ ಕುಸ್ತಿ ಮುಗಿಯಬೇಕಾಯಿತು.

ಆಮೇಲೆ ಗಂಗವ್ವನ ಸುದ್ದಿ ಪೂರಾ ನಿಂತುಹೋಯಿತು. ಒಂದು ವಾರ, ಎರಡು ವಾರ. ಗೋಡೆಯ ಮೇಲೆ ಚುಕ್ಕಿ ಮುಂದೆ ಸರಿಯಲಿಲ್ಲ. ವೈನಿ ಚಹಾಕ್ಕೆ ಉಪ್ಪು ಹಾಕಿದಳು, ಬಸ್ಸಿನಲ್ಲಿ ಸೀಟಿದ್ದರೂ ನಿಂತೇ ಬಂದಳು. ಆಮೆ ದಂಡೆ ಮುಟ್ಟಿತು ಅಂತ ಹೇಳಿ ಪಾಠ ಮುಗಿಸಿಬಿಡಿ, ಪರೀಕ್ಷೆ ಬಂತು ಅಂತ ಹೆಡ್‌ಮಾಸ್ತರರು ಸಲಹೆ ಕೊಟ್ಟರು. ವೈನಿ ಸುಳ್ಳು ಹೇಳಲಿಲ್ಲ. ಬ್ಯಾಟರಿ ತೀರಿರಬಹುದು, ಯಂತ್ರ ಉದುರಿರಬಹುದು, ಗಂಗವ್ವ ಸತ್ತಿರಬಹುದು ಅಂತ ಬೋರ್ಡಿನ ಮೇಲೆ ಬರೆದಳು. ಇದರಲ್ಲಿ ಯಾವುದು ಖರೆ ಅಂತ ತನಗೆ ಗೊತ್ತಿಲ್ಲ ಅಂದಳು.

ಹಿಂದಿನ ಸಾಲಿನಿಂದ ಒಂದು ಹುಡುಗಿ ಎದ್ದು ನಿಂತಳು. ಅಜ್ಜಿಯ ಜೊತೆ ಇರುವವಳು, ತಾಯಿ ಪುಣೆಗೆ ಕಟ್ಟಡದ ಕೆಲಸಕ್ಕೆ ಹೋಗಿದ್ದಳು.

"ಟೀಚರ್, ನಮ್ಮವ್ವನ ಫೋನು ಎರಡು ತಿಂಗಳಿಂದ ಹತ್ತವಲ್ದು. ಅದಕ್ಕೂ ಇವ ಮೂರ ಏನ್ರಿ?"

ಏನೂ ಆಗಿರುವುದಿಲ್ಲ ಬಿಡು ಅಂತ ವೈನಿ ಹೇಳುತ್ತಾಳೆ ಅಂದುಕೊಂಡೆ, ಯಾರಾದರೂ ಹಾಗೇ ಹೇಳುತ್ತಾರೆ. ಅವಳು ಹೋಗಿ ಆ ಹುಡುಗಿಯ ಪಕ್ಕ ಬೆಂಚಿನ ಮೇಲೆ ಕೂತಳು.

"ಕಡೀ ಸಲ ಮಾತಾಡಿದಾಗ ಎಲ್ಲಿದ್ದಳವಾ ನಿಮ್ಮವ್ವ? ನೆಪ್ಪು ಮಾಡ್ಕೊ."

ಹುಡುಗಿಗೆ ನೆನಪಿದ್ದದ್ದು ಒಬ್ಬ ಮೇಸ್ತ್ರಿಯ ಹೆಸರು, ಅವನ ಊರು ವಡಗೇರಾ ಕಡೆ ಅಂತ ಅಷ್ಟೆ. ಶಾಲೆ ಬಿಟ್ಟ ಮೇಲೆ ವೈನಿ ಹುಡುಗಿಯನ್ನೂ ನನ್ನನ್ನೂ ಕರೆದುಕೊಂಡು ಮೇಸ್ತ್ರಿಯ ಮನೆ ಹುಡುಕಿದಳು, ಅಲ್ಲಿಂದ ಒಂದು ನಂಬರು, ಆ ನಂಬರಿನಿಂದ ಇನ್ನೊಂದು. ನಾವು ಹತ್ತಬೇಕಾದ ಬಸ್ಸು ಎದುರಿಗೇ ಹೋಯಿತು. ಅವಳು ತಿರುಗಿ ಕೂಡ ನೋಡಲಿಲ್ಲ. ಹೊತ್ತು ಮುಳುಗುವ ಮುಂದೆ ಫೋನಿನಲ್ಲಿ ಪುಣೆಯ ಒಬ್ಬ ವಾಚ್‌ಮನ್ ಸಿಕ್ಕ. ಆ ತಾಯಿಯ ಫೋನು ನೀರಿನ ಟಾಕಿಯಲ್ಲಿ ಬಿದ್ದು ನಂಬರುಗಳೆಲ್ಲ ಹೋಗಿದ್ದವಂತೆ, ಕೆಲಸದ ಜಾಗವೂ ಬದಲಾಗಿತ್ತಂತೆ. ಕರೆಯುತ್ತೇನೆ ತಡೀರಿ ಅಂದ.

ತಾಯಿಯ ದನಿ ಬಂದದ್ದೇ ಹುಡುಗಿ ಎರಡೂ ಕೈಲಿ ಮುಖ ಮುಚ್ಚಿಕೊಂಡಳು. ವೈನಿ ಫೋನನ್ನು ಅವಳ ಕಿವಿಗೆ ಆನಿಸಿ ಹಿಡಿದಳು. ಸ್ಪೀಕರಿಗೆ ಹಾಕು, ಕೈ ನೋಯುತ್ತದೆ ಅಂತ ನಾನು ಸನ್ನೆ ಮಾಡಿದೆ. ಅವಳು ತಲೆ ಅಲ್ಲಾಡಿಸಿದಳು.

"ಅವರ ಮಾತು ಅವರಿಗಿರ್ಲಿ," ಅಂತ ಪಿಸುಗುಟ್ಟಿ, ತಾನು ಮುಖ ಆ ಕಡೆ ತಿರುಗಿಸಿಕೊಂಡಳು.