ಅಂಟೆನಾ ಹಿಡಿದ ಯಜಮಾನರು

ಹುಮನಾಬಾದದ ಆ ಓಣಿಯಲ್ಲಿ ಇದ್ದದ್ದು ಒಂದೇ ಟಿವಿ. ಅದು ತಾಮ್ರ-ಹಿತ್ತಾಳೆ ಭಾಂಡೆ ಅಂಗಡಿ ತುಳಜಾರಾಮರದು. ಆ ಟಿವಿ ನೋಡದೆ ಉಳಿದವರೂ ಇಡೀ ಓಣಿಯಲ್ಲಿ ಒಬ್ಬರೇ. ಅವರೂ ತುಳಜಾರಾಮರೇ!

ಕಾರಣ, ಮಾಳಿಗೆ ಮೇಲಿನ ಅಂಟೆನಾ. ಗುಲಬರ್ಗಾದಿಂದ ಹೊರಟ ಚಿತ್ರ ಹುಮನಾಬಾದ ಮುಟ್ಟುವ ಹೊತ್ತಿಗೆ ದಣಿದಿರುತ್ತದೆ, ಯಾರಾದರೂ ಕೈಹಿಡಿದು ಇಳಿಸಿಕೊಂಡರೆ ಮಾತ್ರ ಮನೆಯೊಳಗೆ ಬರುತ್ತದೆ ಎಂಬುದು ಅವರ ಧರ್ಮಪತ್ನಿ ಸುಂದರಬಾಯಿಯ ಸಿದ್ಧಾಂತ. ಹಾಗಾಗಿ ಐತವಾರ ಮುಂಜಾನೆ ಧಾರಾವಾಹಿ ಶುರುವಾಯಿತೆಂದರೆ ಯಜಮಾನರು ತಲೆಗೆ ಟವೆಲ್ ಸುತ್ತಿಕೊಂಡು ಮಾಳಿಗೆ ಏರಿ ಅಂಟೆನಾದ ಕೊಳವೆ ಹಿಡಿದು ನಿಲ್ಲಬೇಕು. ಕೆಳಗೆ ಸುಂದರಬಾಯಿ, ನೆರೆಮನೆಯ ಜೈನಬಿ, ಎದುರುಮನೆಯ ಮೀರಾಬಾಯಿ ಟಿವಿ ಮುಂದೆ ಕೂತು ಮಾಳಿಗೆಯ ಬೆಳಕಿಂಡಿಯಿಂದ ಹುಕುಂ ಹೊರಡಿಸುತ್ತಿದ್ದರು.

"ಇನ್ನಾ ಸ್ವಲ್ಪ ಎಡಕ್ಕ್ರಿ!"

"ಹೋತ್ರಿ ಅಣ್ಣಾರ, ಹೋತು!"

"ಹಾಂ, ಬಂತು! ಹಂಗೇ ಹಿಡೀರಿ. ಉಸರೂ ಜೋರ ಬಿಡಬ್ಯಾಡ್ರಿ!"

ಇಷ್ಟೇ ಆಗಿದ್ದರೆ ತುಳಜಾರಾಮರು ಹೇಗೋ ಸಹಿಸಿಕೊಳ್ಳುತ್ತಿದ್ದರು. ಆದರೆ ಆ ಸಂಶಯದ ಕಂತು ಬಂತು ನೋಡಿ, ಅವರ ನೆಮ್ಮದಿ ಕೆಟ್ಟಿತು.

ಆ ಕಂತಿನಲ್ಲಿ ಬೇರೆ ಯಾವುದೋ ಗ್ರಹದಿಂದ ಒಬ್ಬ ಇಳಿದು ಬಂದು, ಒಂದು ಕಾಲನಿಯೊಳಗೆ ಯಾರದೋ ರೂಪ ತೊಟ್ಟು ಸೇರಿಕೊಂಡಿದ್ದಾನೆ. ಯಾರೆಂದು ಗೊತ್ತಿಲ್ಲ. ಗುರುತು ಒಂದೇ, ಅಸಲಿಗಿಂತ ನಕಲಿಯ ಮಾತು ಸಿಹಿ. ಸರಿ, ಗಂಡ ನಕ್ಕರೆ ಹೆಂಡತಿಗೆ ಸಂಶಯ, ಹೆಂಡತಿ ಕರೆದು ಚಹಾ ಕೊಟ್ಟರೆ ಗಂಡನಿಗೆ ಸಂಶಯ. ಇದಿಷ್ಟನ್ನೂ ತುಳಜಾರಾಮರು ಕೊಳವೆ ಹಿಡಿದಲ್ಲಿಂದಲೇ ಬೆಳಕಿಂಡಿಗೆ ಕಿವಿಗೊಟ್ಟು ಕೇಳಿದ್ದೇ ಹೊರತು ಕಂಡದ್ದಲ್ಲ. ಆ ನಕಲಿ ಸಿಕ್ಕಿಬೀಳುವ ಗಳಿಗೆಗೆ ಸರಿಯಾಗಿ ಓಣಿಯಲ್ಲಿ ಯಾರದೋ ಲಗ್ನದ ಬಾಜಾ ಹಾದುಹೋಯಿತು. ಕೇಳಿಸುವುದೂ ತಪ್ಪಿತು.

ಮುಂದೆ ವಾರವಿಡೀ ಅದೇ ಮಾತು. ಜೈನಬಿ ಹಾಲಿನವನನ್ನು ಅಡಿಯಿಂದ ಮುಡಿಯವರೆಗೆ ನೋಡಿ ಹಾಲು ತಗೊಂಡಳು. ಮೀರಾಬಾಯಿ ತನ್ನ ಅತ್ತೆ ನಕಲಿ ಅಲ್ಲವೇ ಅಲ್ಲ ಎಂದು ಆಣೆ ಮಾಡಿದಳು. ಬಸವಕಲ್ಯಾಣದಿಂದ ಬಂದ ಸುಂದರಬಾಯಿಯ ತಮ್ಮ ಶರಣಪ್ಪನಂತೂ ಅಂಗಡಿಯಲ್ಲಿ ಗಿರಾಕಿಗಳ ಮುಂದೆಯೇ ಶುರು ಮಾಡಿದ.

"ಬಾವಾರ, ಕೊನೀ ಸೀನ್ ಏನ್ ಗಜಬ್ ಇತ್ತಲ್ರಿ! ಕಲ್ಯಾಣದಾಗ ಇಡೀ ಬಜಾರ ಅದನ್ನೇ ಮಾತಾಡಾಕತ್ತದ. ನಿಮಗ ಹ್ಯಾಂಗ ಅನಸ್ತು?"

"ಗಜಬ್ ಅಂದ್ರ ಗಜಬ್ ನೋಡಪ," ಎಂದು ತುಳಜಾರಾಮರು ಕೈಗೆ ಸಿಕ್ಕ ಕೊಡವನ್ನು ಸುಮ್ಮನೆ ಒರೆಸಿದರು. ಸ್ವಂತ ಟಿವಿ ಇದ್ದವರು 'ನಕಲಿ ಯಾರಾಗಿದ್ದ' ಎಂದು ಕೇಳಿದರೆ ಮಾನ ಉಳಿದೀತೇ?

ದೇವರು ದೊಡ್ಡವನು. ನೋಡಿದವರೆಲ್ಲ ಪತ್ರ ಬರೆದು ಹೊಗಳಿದ್ದಕ್ಕೆ ಅದೇ ಕಂತನ್ನು ಬರುವ ಐತವಾರ ಮತ್ತೆ ತೋರಿಸುತ್ತಾರೆಂದು ಟಿವಿಯಲ್ಲೇ ಹೇಳಿದರು.

"ಈ ಐತವಾರ ಅಂಟೆನಾ ಬ್ಯಾರೆ ಯಾರರ ಹಿಡೀಲಿ," ಎಂದರು ಯಜಮಾನರು ಖಡಾಖಂಡಿತವಾಗಿ.

"ಅಯ್ಯ, ನಿಮ್ಮ ಕೈಗುಣ ಯಾರಿಗದ್ರಿ? ನೀವ್ ಹಿಡಿದ್ರ ಕನ್ನಡಿ ಇದ್ದಂಗ ಬರ್ತದ," ಎಂದಳು ಸುಂದರಬಾಯಿ.

ಹೊಗಳಿಕೆಗೆ ಕರಗದ ಗಂಡಸು ಹುಟ್ಟಿಲ್ಲ. ಐತವಾರ ತುಳಜಾರಾಮರು ಮತ್ತೆ ಮಾಳಿಗೆ ಮೇಲೆ. ಎಂದಿನಂತೆ ಬೆಳಕಿಂಡಿಯಲ್ಲಿ ಇಳಿಬಿಟ್ಟಿದ್ದ ಬುಟ್ಟಿಯ ಹಗ್ಗ ಅಲುಗಾಡಿತು. ಜಗ್ಗಿದರೆ ಬುಟ್ಟಿ ತುಂಬ ಬಿಸಿಬಿಸಿ ಮಿರ್ಚಿ ಬಜಿ.

"ಕೈ ನೋಯಾಕತ್ತಾವೇನ್ರಿ? ಇನ್ನೆರಡ ಕಳಸ್ಲೇನ್ರಿ?" ಕೆಳಗಿನಿಂದ ಸುಂದರಬಾಯಿಯ ಜೇನಿನಂಥ ದನಿ.

ಬಜಿ ಕಚ್ಚಿದ ತುಳಜಾರಾಮರು ಕಚ್ಚಿದಲ್ಲೇ ನಿಂತರು. ಅಂಗಡಿಯಲ್ಲಿ ಪ್ರತಿ ಕೊಡವನ್ನೂ ಬಡಿದು, ಸಪ್ಪಳ ಕೇಳಿ, ಒಡಕೋ ಗಟ್ಟಿಯೋ ಹೇಳುವ ಮನುಷ್ಯ. ಈ ದನಿಯನ್ನು ಇಷ್ಟು ದಿನ ಬಡಿದು ನೋಡಿರಲಿಲ್ಲ! ವಾರದ ಉಳಿದ ದಿನ ನೀರು ಕೇಳಿದರೆ 'ಕೊಡ ಅಲ್ಲೇ ಅದ, ಕೈಯೂ ನಿಮ್ಮ ಹತ್ರಾನೇ ಅದಾವ' ಎನ್ನುವವಳು, ಐತವಾರ ಮಾತ್ರ ಹೀಗೇಕೆ? ಅಸಲಿಗಿಂತ ನಕಲಿಯ ಮಾತು ಸಿಹಿ! ಆ ಉರಿಬಿಸಿಲಲ್ಲೂ ಅವರಿಗೆ ಮೈ ಜುಮ್ಮೆಂದಿತು.

ಈಗ ಬಡಿದು ನೋಡೇಬಿಡೋಣ ಎಂದು ಮೆಲ್ಲಗೆ ಕೊಳವೆ ಬಿಟ್ಟರು.

"ಹಾಂ, ಹಂಗೇ ಹಿಡೀರಿ!" ಎಂದಿತು ಕೆಳಗಿನ ದನಿ.

ಮಾಳಿಗೆಯ ಆಚೆ ಮೂಲೆಗೆ ಹೋಗಿ ಕೂತು ಇನ್ನೊಂದು ಬಜಿ ತಿಂದರು.

"ಭೇಷ್ ಭಾಯಿಸಾಬ್! ಕದಲಬ್ಯಾಡ್ರಿ!" ಜೈನಬಿಯ ಶಾಬಾಸ್‌ಗಿರಿ.

ಧಡಧಡ ಮೆಟ್ಟಿಲಿಳಿದು ಬಂದು ನೋಡಿದರೆ ಚಿತ್ರ ತೊಳೆದಿಟ್ಟ ತಾಟಿನಂತೆ ಹೊಳೆಯುತ್ತಿದೆ.

"ನಾ ಇಲ್ಲಿ ನಿಂತೀನಿ. ಮ್ಯಾಲ ಅಂಟೆನಾ ಯಾರ ಹಿಡಿದಾರ?" ಗುಡುಗಿದರು.

ಸುಂದರಬಾಯಿ ಟಿವಿಯಿಂದ ಕಣ್ಣು ಕೀಳಲಿಲ್ಲ. "ಅದಕ್ಕ ದೀಪಾವಳಿಗೇ ತಂತಿ ಬಿಗಿಸೀನಿ."

"ಮತ್ತ ನನ್ನ ಯಾಕ ಬಿಸಿಲಾಗ ಒಣಾಕ್ತಿ?"

"ಕೆಳಗ ಕುಂತ್ರ ನೀವ್ ಬಾಯಿ ಮುಚ್ತೀರೇನು? ಮಂದಿಗೆ ಒಂದ್ ಮಾತರ ಕೇಳಾಕ ಬಿಡ್ತೀರೇನು?"

"ನಾ? ಒಂದ್ ಅಕ್ಷರ ಮಾತಾಡಿದ್ರ ಹೇಳು!" ಎನ್ನುತ್ತ ತುಳಜಾರಾಮರು ನಟ್ಟನಡುವಿನ ಕುರ್ಚಿಯಲ್ಲಿ ಪಟ್ಟಾಭಿಷಿಕ್ತರಾದರು.

(ಒಂದು ಅಕ್ಷರ ಮಾತಾಡಲಿಲ್ಲ, ನಿಜ. ಇಡೀ ವರ್ಣಮಾಲೆ ಮುಗಿಸಿದರು.)

"ಆ ಕನ್ನಡಕದಾಂವ ನೋಡ್ರಿ, ಅವನೇ ಕಳ್ಳ! ಏ, ಬಾಗಿಲ ತಗೀಬ್ಯಾಡೋ ಮಾರಾಯ! ಆ ಮುದಿಕಿ ಚಹಾದಾಗ ಏನೋ ಹಾಕಿದ್ಲು, ನಾ ಕಂಡೀನಿ!"

ಮೀರಾಬಾಯಿ ಎದ್ದಳು. ಅವಳ ಹಿಂದೆ ಜೈನಬಿ ಎದ್ದಳು. ಸುಂದರಬಾಯಿ ಉಳಿದ ಬಜಿಯ ತಾಟು ಎತ್ತಿಕೊಂಡು ಹೋದಳು. ನೀರಿಗೆ ಹೋದರೇನೋ ಎಂದುಕೊಂಡರು ಯಜಮಾನರು. ಸ್ವಲ್ಪ ಹೊತ್ತಿಗೆ ಬೆಳಕಿಂಡಿ ಕತ್ತಲಾಯಿತು. ಮಾಳಿಗೆ ಮೇಲಿಂದಲೇ ಟಿವಿ ನೋಡಲು ಅದರ ಸುತ್ತ ಮೂರು ತಲೆ ಬಗ್ಗಿದ್ದವು.

ಅಷ್ಟರಲ್ಲಿ ಟಿವಿಯಲ್ಲಿ ಕಾಲನಿಯ ಮಂದಿಯೆಲ್ಲ ಅಂಗಳದಲ್ಲಿ ಕೂಡಿದರು. ನಕಲಿ ಯಾರೆಂದು ತೋರಿಸಲು ಆ ಮುದುಕಿ ಬೆರಳು ಎತ್ತಿದಳು.

"ನಾ ಆಗಲೇ ಹೇಳಿದ್ದಿಲ್ಲೇನು?" ಎಂದು ತುಳಜಾರಾಮರು ಹೊಗಳಿಸಿಕೊಳ್ಳಲು ಖಾಲಿ ಚಾಪೆಯತ್ತ ತಿರುಗಿದರು. "ಭಾಂಡೆ ಬಡಿದು ನೋಡೋ ಕೈ ಇದು! ಅಸಲಿ ಯಾವ್ದು, ನಕಲಿ ಯಾವ್ದು, ನನಗ ಯಾರೂ..."

ಮತ್ತೆ ಈಚೆ ತಿರುಗಿದಾಗ ಪರದೆಯ ಮೇಲೆ ನಟರ ಹೆಸರುಗಳು ಓಡುತ್ತಿದ್ದವು.

"ಏ! ಯಾರಂತ? ಯಾರ ಕಡಿ ಬೆರಳ ಮಾಡಿದ್ಲು?"

ಮೇಲಿನಿಂದ ನಗುವಿನ ಮಳೆ. ಅದರ ಹಿಂದೆಯೇ ಹಗ್ಗದ ಬುಟ್ಟಿ ತೂಗಾಡುತ್ತ ಇಳಿದು ಬಂತು. ಒಳಗೆ ಒಂದೇ ಒಂದು ಬಜಿ.

"ಯಾರರ ಆಗಲಿ, ನೀವಂತೂ ಅಲ್ಲ ಬಿಡ್ರಿ," ಎಂದಳು ಸುಂದರಬಾಯಿ. "ನೀವ್ ಖರೇ ಅಸಲಿ. ನಕಲಿ ಇದ್ದಿದ್ರ ಒಂದ್ ಗಳಿಗಿ ಸುಮ್ನ ಕುಂದರ್ತಿತ್ತು."

ಬಜಿ ಆರಿತ್ತು. ಆದರೂ ತಿಂದರು.

ಮುಂದಿನ ಐತವಾರ ಯಾರೂ ಹೇಳುವ ಮೊದಲೇ ತುಳಜಾರಾಮರು ಟವೆಲ್ ಸುತ್ತಿಕೊಂಡು ಮಾಳಿಗೆ ಏರಿದರು. ತಂತಿ ಬಿಗಿದ ಕೊಳವೆಯನ್ನು ಒಂದು ಕೈಯಲ್ಲಿ ಹಿಡಿದು ಬೆಳಕಿಂಡಿಯತ್ತ ಬಾಗಿ ಕೂಗಿದರು.

"ಬಂತೇನ?"

"ಬಂತ್ರಿ! ಹಂಗೇ ಹಿಡೀರಿ!"

ಇನ್ನೊಂದು ಕೈಯಿಂದ ಅವರು ಹಗ್ಗ ಜಗ್ಗಿದರು.